ದೇವಿಮನೆ ಘಟ್ಟದಲ್ಲಿ ಪಿಕಪ್ ಬಿಸಿಯಾಗ್ತದೆ: ದೊಡ್ಡ ರೇಡಿಯೇಟರ್ ಬೇಕಾ?

ಕುಮಟಾ_ಪಿಕಪ್
ಹಳೇ ಡೀಸೆಲ್ ಪಿಕಪ್, ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಬಿಗಿ ಹಿಡಿಯುವ ಎಣ್ಣೆ ಕ್ಲಚ್ ಇರುವ ಫ್ಯಾನ್). ಅಂಕೋಲಾ ಹೆದ್ದಾರಿಯಲ್ಲಿ ಟೆಂಪರೇಚರ್ ಮುಳ್ಳು ಅರ್ಧದ ಕೆಳಗೇ ಇರ್ತದೆ. ಚಿರೇಕಲ್ಲು ಹೇರಿ ದೇವಿಮನೆ ಘಟ್ಟ ಹತ್ತಿದರೆ ಎರಡನೇ ಗೇರಿನಲ್ಲಿ ಕೆಂಪಿಗೆ ಹೋಗ್ತದೆ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತುಹಾಕಿ, ರೇಡಿಯೇಟರಿಗೆ ಮೂರು ಸಾಲು ಟ್ಯೂಬಿನ ಕೋರ್ ಹಾಕಿಸಿ ಅಂತಾರೆ. ದುಡ್ಡು ಸುರಿಯುವ ಮೊದಲು ಏನೇನು ನೋಡಬೇಕು?

ಉಪ್ಪುಗಾಳಿ
ಹೆದ್ದಾರಿಯಲ್ಲಿ ಸರಿ, ನಿಧಾನ ಹತ್ತುವಾಗ ಮಾತ್ರ ಬಿಸಿ ಅಂದ್ರೆ ಮೊದಲ ಅನುಮಾನ ಗಾಳಿಯ ಮೇಲೆ. ವೇಗದಲ್ಲಿ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡ್ತದೆ, ಘಟ್ಟದಲ್ಲಿ ಅದಿಲ್ಲ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಇಂಜಿನ್ ಬಂದ್ ಮಾಡಿ, ಫ್ಯಾನ್ ಕೈಯಲ್ಲಿ ತಿರುಗಿಸಿ. ಬಿಗಿ ಇರಬೇಕು. ಒಂದು ದೂಡಿಗೆ ಮೂರ್ನಾಲ್ಕು ಸುತ್ತು ಹೊಡೆದರೆ ಫ್ಯಾನಿನ ಕ್ಲಚ್ ಸತ್ತಿದೆ. ನಡುವೆ ಎಣ್ಣೆ ಜಿಡ್ಡು ಕಂಡರೂ ಅದೇ ಅರ್ಥ. ಫ್ಯಾನಿನ ಸುತ್ತಲಿನ ಶ್ರೌಡ್ (ಗಾಳಿ ಪಕ್ಕಕ್ಕೆ ಸೋರದಂತೆ ತಡೆಯುವ ಕವಚ) ಇದೆಯಾ ನೋಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಅದು ಗ್ಯಾರೇಜಿನ ಮೂಲೆ ಸೇರಿರ್ತದೆ!

ಆಮೇಲೆ ಫಿನ್, ಅಂದ್ರೆ ರೇಡಿಯೇಟರ್ ಟ್ಯೂಬುಗಳ ನಡುವಿನ ತೆಳು ತಗಡು. ತಾಮ್ರದ ಕೋರ್ ಆದರೆ ಕೆಳಭಾಗವನ್ನು ಉಗುರಿನಿಂದ ಕೆರೆಯಿರಿ. ಹಸಿರು ಪುಡಿ ಉದುರಿದರೆ ಉಪ್ಪುಗಾಳಿ ತಿಂದಿದೆ. ಟ್ಯೂಬಿನಿಂದ ಬಿಟ್ಟುಕೊಂಡ ಫಿನ್ ಇದ್ದೂ ಇಲ್ಲದಂತೆ, ಶಾಖ ದಾಟೋದಿಲ್ಲ.

ಘಟ್ಟದಗೇರ್
ಥರ್ಮೋಸ್ಟಾಟ್ ತೆಗೀಬೇಡಿ ಮಾರಾಯ್ರೆ. ಕೆಲವು ಇಂಜಿನ್ನುಗಳಲ್ಲಿ ಅದು ತೆರೆದುಕೊಳ್ಳುವಾಗಲೇ ಬೈಪಾಸ್ ದಾರಿ ಮುಚ್ತದೆ. ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತುತ್ತದೆ, ಘಟ್ಟದಲ್ಲಿ ಇನ್ನೂ ಬಿಸಿ. ಥರ್ಮೋಸ್ಟಾಟ್ ಸರಿ ಇದೆಯಾ ತಿಳಿಯಲು ಪಾತ್ರೆ ನೀರಿಗೆ ಹಾಕಿ ಕಾಯಿಸಿ ನೋಡಿ. ಅದರ ಮೇಲೆ ಕೊರೆದ ಡಿಗ್ರಿಗೆ, ಸಾಮಾನ್ಯವಾಗಿ 80ರ ಆಸುಪಾಸು, ತೆರೆಯಲು ಶುರುವಾಗಬೇಕು.

ರೇಡಿಯೇಟರ್ ಮುಚ್ಚಳವನ್ನೂ ಬದಲಿಸಿ, ಹಳೆಯದರ ಮೇಲೆ ಬರೆದಷ್ಟೇ ಒತ್ತಡದ್ದು. 0.9 ಬಾರ್ ಒತ್ತಡ ನಿಂತರೆ ಬರೀ ನೀರು ಕೂಡ 118 ಡಿಗ್ರಿವರೆಗೆ ಕುದಿಯೋದಿಲ್ಲ. ರಬ್ಬರ್ ಸತ್ತ ಮುಚ್ಚಳದಲ್ಲಿ 100ಕ್ಕೇ ಕುದೀತದೆ.

ಕುಮಟಾ_ಪಿಕಪ್
ಫ್ಯಾನ್ ಬಿಗಿ ಇದೆ, ಶ್ರೌಡ್ ಇದೆ. ಕೆಳಗಿನ ಮೂರನೇ ಒಂದು ಪಾಲು ಫಿನ್ ಪುಡಿಪುಡಿ. ಒಳಗೆ ಬಾವಿ ನೀರು, ತುಕ್ಕಿನ ಬಣ್ಣ.

ಉಪ್ಪುಗಾಳಿ
ಹಾಗಾದ್ರೆ ಕೋರ್ ಬದಲಿಸಲೇಬೇಕು. ಆದರೆ ಮೊದಲಿದ್ದಷ್ಟೇ ಸಾಲಿನದು ಸಾಕು. ದಪ್ಪ ಕೋರಿನ ಮೂಲಕ ಗಾಳಿ ಎಳೆಯಲು ಫ್ಯಾನ್ ಹೆಚ್ಚು ಒದ್ದಾಡ್ತದೆ.

ಫ್ಲಶ್ (ಒಳಗೆಲ್ಲ ತೊಳೆಯೋದು) ಮಾತ್ರ ಹಳೇ ಕೋರ್ ಇರುವಾಗಲೇ ಮಾಡಿ, ಇಲ್ಲದಿದ್ದರೆ ಇಂಜಿನ್ ಬ್ಲಾಕಿನ ತುಕ್ಕು ಹೊಸ ಟ್ಯೂಬಿಗೆ ಹೋಗಿ ಕೂರ್ತದೆ. 10 ಲೀಟರ್ ನೀರಿಗೆ 300 ಗ್ರಾಂ ಸಿಟ್ರಿಕ್ ಆಸಿಡ್, ಅರ್ಧ ಗಂಟೆ ಇಂಜಿನ್ ಓಡಿಸಿ, ಆರಿದ ಮೇಲೆ ಬಸಿದು ತಿಳಿನೀರು ಬರುವ ತನಕ ತೊಳೆಯಿರಿ. ರಾತ್ರಿಯಿಡೀ ಬಿಡಬೇಡಿ, ಅಲ್ಯೂಮಿನಿಯಂ ತಿಂತದೆ. ನಂತರ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು. ಬಾಟಲಿಯ ಮೇಲೆ ರೆಡಿಮಿಕ್ಸ್ ಅಂತಿದ್ದರೆ ನೀರು ಬೆರೆಸಬೇಡಿ.

ಘಟ್ಟದಗೇರ್
ತುಂಬಿಸುವಾಗ ಗಾಡಿಯ ಮೂತಿ ಎತ್ತರದ ಕಡೆಗಿರಲಿ, ಹೀಟರ್ ಇದ್ದರೆ ಬಿಸಿಗೆ ತಿರುಗಿಸಿ. ಮುಚ್ಚಳ ಬಿಚ್ಚಿಟ್ಟೇ ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವ ತನಕ ನೋಡಿ. ಮೇಲಿನ ಹೋಸ್ ಬಿಸಿಯಾದ ಮೇಲೂ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಕಡೆ ನೋಡಬೇಕು. ಕೆಳಗಿನ ಹೋಸ್ ಹೊಸದು ತರುವುದಾದರೆ ಹಳೆಯದರೊಳಗಿನ ಸ್ಪ್ರಿಂಗ್ ಎಸೀಬೇಡಿ. ಅದಿಲ್ಲದೆ ಆಕ್ಸಿಲರೇಟರ್ ಒತ್ತಿದಾಗ ಹೋಸ್ ಒಳಕ್ಕೆ ಚಪ್ಪಟೆಯಾಗಿ ಪಂಪಿಗೆ ನೀರೇ ಸಿಗೋದಿಲ್ಲ.