ಓಡುತ್ತಿರುವ ಜಾವಾ ಪ್ರೋಗ್ರಾಮ್‌ನ ಕ್ಲಾಸ್‌ಪಾತ್ ನೋಡುವುದು ಹೇಗೆ? (ಜಾವಾ 17, ಲಿನಕ್ಸ್)

ಪ್ರಶ್ನೆ:
ಐಡಿಇಯಲ್ಲಿ (ಕೋಡ್ ಬರೆದು ಓಡಿಸುವ ಸಾಧನ) ಸಲೀಸಾಗಿ ಓಡುವ ಪ್ರೋಗ್ರಾಮ್ ಸರ್ವರ್‌ನಲ್ಲಿ ನೋಸಚ್‌ಮೆಥಡ್‌ಎರರ್ ಕೊಟ್ಟು ಬೀಳುತ್ತಿದೆ. ಸಿಗುತ್ತಿಲ್ಲ ಅನ್ನುತ್ತಿರುವುದು ಗೂಗಲ್‌ನ ಜಾವಾ ಲೈಬ್ರರಿ ಗ್ವಾವಾದ ಮೆಥಡ್ ಇಮ್ಯೂಟಬಲ್‌ಲಿಸ್ಟ್.ಟುಇಮ್ಯೂಟಬಲ್‌ಲಿಸ್ಟ್(). ಲಿಬ್ ಫೋಲ್ಡರ್‌ನಲ್ಲಿ ಗ್ವಾವಾ 32.1.3 ಇದೆ. ಶುರು ಮಾಡುವುದು -ಸಿಪಿ 'ಲಿಬ್/*' ಕೊಟ್ಟು (-ಸಿಪಿ ಹೇಳುವುದು ಕ್ಲಾಸ್‌ಪಾತ್, ಅಂದರೆ ಜಾವಾ ಕ್ಲಾಸುಗಳನ್ನು ಹುಡುಕುವ ಜಾಗಗಳ ಪಟ್ಟಿ). ಪಾತ್ ನೋಡೋಣವೆಂದು ಸಿಸ್ಟಮ್ ಕ್ಲಾಸ್‌ಲೋಡರನ್ನು (ಕ್ಲಾಸುಗಳನ್ನು ಹುಡುಕಿ ತರುವ ಭಾಗ) ಯುಆರ್‌ಎಲ್‌ಕ್ಲಾಸ್‌ಲೋಡರ್‌ಗೆ ಕಾಸ್ಟ್ ಮಾಡಿದರೆ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್.

ಉತ್ತರ:
ಆ ಕಾಸ್ಟ್ ಜಾವಾ 8ರವರೆಗಷ್ಟೇ ನಡೆಯುತ್ತಿತ್ತು. 2017ರಲ್ಲಿ ಬಂದ ಜಾವಾ 9ರಿಂದ ಆ್ಯಪ್ ಕ್ಲಾಸ್‌ಲೋಡರ್ ಜೆಡಿಕೆಯ ಒಳಗಿನ ಬೇರೆಯೇ ಕ್ಲಾಸು, ಯುಆರ್‌ಎಲ್‌ಕ್ಲಾಸ್‌ಲೋಡರ್‌ನ ಮಗು ಅಲ್ಲ. ಬದಲಿಗೆ ಇದನ್ನು ಪ್ರಿಂಟ್ ಮಾಡಿ:

ಸಿಸ್ಟಮ್.ಗೆಟ್‌ಪ್ರಾಪರ್ಟಿ("ಜಾವಾ.ಕ್ಲಾಸ್.ಪಾತ್")

ಲಿನಕ್ಸ್‌ನಲ್ಲಿ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್ ಹಾಕಿದ ಒಂದೇ ಉದ್ದದ ಸಾಲು ಬರುತ್ತದೆ, ಫೈಲ್.ಪಾತ್‌ಸೆಪರೇಟರ್ ಬಳಸಿ ಒಡೆಯಿರಿ. ಸ್ಟಾರ್ ಹಾಕಿದ್ದನ್ನು ಲಾಂಚರ್ (ಜಾವಾ ಕಮಾಂಡ್) ಮೊದಲೇ ಬಿಡಿಸಿರುತ್ತದೆ, ಹಾಗಾಗಿ ಪ್ರತಿ ಜಾರ್ (ಕ್ಲಾಸುಗಳನ್ನು ಕಟ್ಟಿಟ್ಟ ಫೈಲ್) ಹೆಸರೂ ಕಾಣುತ್ತದೆ. ಕೋಡ್ ಮುಟ್ಟುವಂತಿಲ್ಲದಿದ್ದರೆ ಪ್ರೋಗ್ರಾಮ್ ಓಡಿಸುತ್ತಿರುವ ಯೂಸರ್ ಆಗಿಯೇ ಲಾಗಿನ್ ಆಗಿ: ಜೆಸಿಎಂಡಿ <ಪಿಐಡಿ> ವಿಎಂ.ಸಿಸ್ಟಮ್_ಪ್ರಾಪರ್ಟೀಸ್ (ಪಿಐಡಿ ಎಂದರೆ ಓಡುತ್ತಿರುವ ಪ್ರೋಗ್ರಾಮ್‌ನ ಪ್ರೊಸೆಸ್ ಸಂಖ್ಯೆ).

-ಜಾರ್ ಕೊಟ್ಟು ಓಡಿಸುವವರಿಗೆ ಒಂದು ಮಾತು: ಆಗ -ಸಿಪಿಯನ್ನೂ ಕ್ಲಾಸ್‌ಪಾತ್ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನೂ ಜಾವಾ ಕಿವಿಗೇ ಹಾಕಿಕೊಳ್ಳುವುದಿಲ್ಲ. ಮ್ಯಾನಿಫೆಸ್ಟ್‌ನ (ಜಾರ್‌ನ ಒಳಗಿನ ವಿವರದ ಫೈಲ್) ಕ್ಲಾಸ್-ಪಾತ್ ಸಾಲಿನಲ್ಲಿರುವ ಜಾರ್‌ಗಳು ಬಳಕೆಯಾದರೂ ಈ ಪ್ರಾಪರ್ಟಿಯಲ್ಲಿ ಕಾಣುವುದಿಲ್ಲ.

ಪ್ರಶ್ನೆ:
ನೋಡಿದೆ. 41 ಜಾರ್, ಗ್ವಾವಾ ಹೆಸರಿನದು ಒಂದೇ. ಅದೇ 32.1.3.

ಉತ್ತರ 2:
ಪಟ್ಟಿ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ, ಎಲ್ಲಿ ಸಿಕ್ಕಿತೆಂದು ಹೇಳುವುದಿಲ್ಲ. ಕ್ಲಾಸನ್ನೇ ಕೇಳಿ:

ಇಮ್ಯೂಟಬಲ್‌ಲಿಸ್ಟ್.ಕ್ಲಾಸ್.ಗೆಟ್‌ಪ್ರೊಟೆಕ್ಷನ್‌ಡೊಮೇನ್().ಗೆಟ್‌ಕೋಡ್‌ಸೋರ್ಸ್().ಗೆಟ್‌ಲೊಕೇಶನ್()

(ಇದನ್ನೇ ಸ್ಟ್ರಿಂಗ್ ಮೇಲೆ ಓಡಿಸಿದರೆ ನಲ್‌ಪಾಯಿಂಟರ್; ಜೆಡಿಕೆಯ ಮೂಲ ಕ್ಲಾಸುಗಳಿಗೆ ಕೋಡ್‌ಸೋರ್ಸ್ ನಲ್ ಆಗಿರುತ್ತದೆ.)

ಜೋಡಿ ಪ್ರತಿ ಇದೆಯೇ ಅಂತ ತಿಳಿಯಲು ಕ್ಲಾಸ್‌ಲೋಡರ್‌ನ ಗೆಟ್‌ರಿಸೋರ್ಸಸ್("ಕಾಮ್/ಗೂಗಲ್/ಕಾಮನ್/ಕಲೆಕ್ಟ್/ಇಮ್ಯೂಟಬಲ್‌ಲಿಸ್ಟ್.ಕ್ಲಾಸ್"). ಪ್ಯಾಕೇಜ್ ಹೆಸರಿನಲ್ಲಿ ಚುಕ್ಕಿ ಬೇಡ, ಸ್ಲ್ಯಾಶ್ ಹಾಕಿ. ತಪ್ಪಿದರೆ ಎರರ್ ಬರುವುದಿಲ್ಲ, ಸುಮ್ಮನೆ ಖಾಲಿ ಉತ್ತರ ಬರುತ್ತದೆ. ಗೆಟ್‌ರಿಸೋರ್ಸ್ ಅಲ್ಲ, ಕೊನೆಗೆ 'ಸಸ್' ಇರಲಿ; ಏಕವಚನದ್ದು ಮೊದಲು ಸಿಕ್ಕಿದ್ದನ್ನಷ್ಟೇ ಕೊಟ್ಟು ನಿಲ್ಲುತ್ತದೆ.

ಕೋಡ್ ಬದಲಿಸದೆ ಬೇಕಾದರೆ -ಎಕ್ಸ್‌ಲಾಗ್:ಕ್ಲಾಸ್+ಲೋಡ್=ಇನ್ಫೋ ಸೇರಿಸಿ ರೀಸ್ಟಾರ್ಟ್ ಮಾಡಿ. ಸಾವಿರಾರು ಸಾಲು ಸುರಿಯುತ್ತದೆ, ಗ್ರೆಪ್ ಮಾಡಿಕೊಳ್ಳಿ.

ಪ್ರಶ್ನೆ:
ಲಾಗ್‌ನಲ್ಲಿ ಬಂದದ್ದು ಇದು:
ಕಾಮ್.ಗೂಗಲ್.ಕಾಮನ್.ಕಲೆಕ್ಟ್.ಇಮ್ಯೂಟಬಲ್‌ಲಿಸ್ಟ್ ಸೋರ್ಸ್: ಫೈಲ್:/ಆಪ್ಟ್/ಆ್ಯಪ್/ಲಿಬ್/ರಿಪೋರ್ಟ್-ಆಲ್.ಜಾರ್
ಗೆಟ್‌ರಿಸೋರ್ಸಸ್ ಎರಡು ವಿಳಾಸ ಕೊಟ್ಟಿತು, ಮೊದಲು ರಿಪೋರ್ಟ್-ಆಲ್, ಆಮೇಲೆ ಗ್ವಾವಾ.

ಉತ್ತರ 2:
ಸಿಕ್ಕಿತು. ರಿಪೋರ್ಟ್-ಆಲ್ ತನ್ನ ಹೊಟ್ಟೆಯಲ್ಲೇ ಹಳೆಯ ಗ್ವಾವಾವನ್ನು ತುಂಬಿಕೊಂಡಿದೆ, ಪ್ಯಾಕೇಜ್ ಹೆಸರನ್ನೂ ಬದಲಿಸಿಲ್ಲ. ಆ ಮೆಥಡ್ ಬಂದದ್ದು ಗ್ವಾವಾ 21ರಲ್ಲಿ, ಅಂದರೆ ಒಳಗಿರುವುದು ಅದಕ್ಕೂ ಹಿಂದಿನದು. ಪ್ರಾಜೆಕ್ಟ್ ಕಟ್ಟುವ ಸಾಧನ ಮೇವನ್‌ನ ಡಿಪೆಂಡೆನ್ಸಿ:ಟ್ರೀ (ಬಳಸುವ ಲೈಬ್ರರಿಗಳ ಪಟ್ಟಿ) ಇದನ್ನು ತೋರಿಸುವುದಿಲ್ಲ. ಅದು ಜಾರ್‌ನ ಒಳಗೆ ಇಣುಕುವುದೇ ಇಲ್ಲ.

ಒಂದೇ ಕ್ಲಾಸ್ ಎರಡು ಕಡೆ ಇದ್ದರೆ ಪಾತ್‌ನಲ್ಲಿ ಮುಂದಿರುವ ಜಾರ್‌ದೇ ಗೆಲುವು. ಸ್ಟಾರ್ ಬಿಡಿಸುವಾಗ ಜಾರ್‌ಗಳು ಯಾವ ಕ್ರಮದಲ್ಲಿ ಬರಬೇಕೆಂದು ಜಾವಾ ನಿಗದಿ ಮಾಡಿಲ್ಲ, ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು. ಐಡಿಇ ಕ್ಲಾಸ್‌ಪಾತನ್ನು ತನ್ನದೇ ಕ್ರಮದಲ್ಲಿ ಕೊಡುತ್ತದೆ, ಅಲ್ಲಿ ಗ್ವಾವಾ ಮುಂದಿದ್ದಿರಬೇಕು.

ತಕ್ಷಣಕ್ಕೆ: -ಸಿಪಿ 'ಲಿಬ್/ಗ್ವಾವಾ-32.1.3-ಜೆಆರ್‌ಇ.ಜಾರ್:ಲಿಬ್/*'. ಕೋಟ್ ಬಿಡಬೇಡಿ, ಶೆಲ್ ಸ್ಟಾರನ್ನು ಮುಟ್ಟದಂತೆ ಅದು ಇರಲಿ. 'ಲಿಬ್/*.ಜಾರ್' ಎಂದೂ ಬರೆಯಬೇಡಿ, ಲಾಂಚರ್ ಅದನ್ನು ಬಿಡಿಸುವುದಿಲ್ಲ.

ಉತ್ತರ 3:
ಇದನ್ನು ಮಾಡಿ ಕೈತೊಳೆದುಕೊಳ್ಳಬೇಡಿ. ಈಗ ರಿಪೋರ್ಟ್ ಲೈಬ್ರರಿಗೂ ಹೊಸ ಗ್ವಾವಾ ಸಿಗುತ್ತದೆ. ಹಳೆಯ ಆಬ್ಜೆಕ್ಟ್ಸ್.ಟುಸ್ಟ್ರಿಂಗ್‌ಹೆಲ್ಪರ್() ಗ್ವಾವಾ 21ರಲ್ಲೇ ತೆಗೆದುಹಾಕಲಾಗಿದೆ. ಅದನ್ನು ಆ ಲೈಬ್ರರಿ ಕರೆಯುತ್ತಿದ್ದರೆ ಇದೇ ಎರರ್ ಅತ್ತ ಕಡೆಯಿಂದ ಬರುತ್ತದೆ. ಗ್ವಾವಾ ಸೇರಿಸದ ಜಾರ್ ಸಿಕ್ಕರೆ ಅದನ್ನು ಹಾಕಿ ಪರೀಕ್ಷಿಸಿ. ಸಿಗದಿದ್ದರೆ ಮೇವನ್ ಶೇಡ್ ಪ್ಲಗಿನ್‌ನ ರಿಲೊಕೇಶನ್‌ನಿಂದ ರಿಪೋರ್ಟ್-ಆಲ್ ಒಳಗಿನ ಪ್ಯಾಕೇಜ್ ಹೆಸರು ಬದಲಿಸಿ, ಮತ್ತೆ ಕಟ್ಟಿ, ಹಳೆಯ ಜಾರ್ ತೆಗೆದು ಇದನ್ನು ಇಡಿ.

ಪ್ರಶ್ನೆ:
ಗ್ವಾವಾವನ್ನು ಮುಂದಿಟ್ಟೆ, ಸರ್ವರ್ ಎದ್ದಿತು. ರಿಪೋರ್ಟ್ ತೆಗೆಯುವಾಗ ಉತ್ತರ 3ರಲ್ಲಿ ಹೇಳಿದ ಟುಸ್ಟ್ರಿಂಗ್‌ಹೆಲ್ಪರ್ ಎರರೇ ಬಂತು. ರಿಲೊಕೇಶನ್ ಮಾಡಿದ ಜಾರ್ ಇಟ್ಟ ಮೇಲೆ ಎರಡೂ ಓಡುತ್ತಿವೆ; ಗೆಟ್‌ರಿಸೋರ್ಸಸ್ ಈಗ ಒಂದೇ ವಿಳಾಸ ಕೊಡುತ್ತಿದೆ.