ಸಹಾಯ ಬೇಕು: ವೈಫೈ ಬ್ರಿಜ್‌ನಲ್ಲಿ ಅಪ್‌ಲೋಡ್ ಮಾತ್ರ ತೀರಾ ನಿಧಾನ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ. ಫೈಬರ್ ಸಂಪರ್ಕ ಇರುವುದು ದೊಡ್ಡ ಮನೆಯಲ್ಲಿ. ಸುಮಾರು 40 ಮೀಟರ್ ಆಚೆಯ ಹೊರಮನೆಯಲ್ಲಿ ಎರಡನೆಯ ರೂಟರ್ ಇಟ್ಟು, 2.4 ಗಿಗಾಹರ್ಟ್ಸ್‌ನಲ್ಲಿ ಬ್ರಿಜ್ (ಎರಡು ರೂಟರ್‌ಗಳ ನಡುವೆ ಕೇಬಲ್ ಇಲ್ಲದ ವೈಫೈ ಕೊಂಡಿ) ಮಾಡಿದ್ದೇನೆ. ನನ್ನ ಕಂಪ್ಯೂಟರ್ ಅದಕ್ಕೆ ಕೇಬಲ್ ಮೂಲಕ ಜೋಡಣೆಯಾಗಿದೆ.

ತೊಂದರೆ ಇದು: ಡೌನ್‌ಲೋಡ್ 35 ಎಂಬಿಪಿಎಸ್ ಬರುತ್ತದೆ, ಅಪ್‌ಲೋಡ್ ಒಂದೂವರೆ ದಾಟುವುದಿಲ್ಲ. ಅದೇ ಕಂಪ್ಯೂಟರನ್ನು ದೊಡ್ಡ ಮನೆಯ ರೂಟರಿಗೆ ನೇರವಾಗಿ ಜೋಡಿಸಿದರೆ ಎರಡೂ 90ರ ಮೇಲೆ. ಹಾಗಾಗಿ ದೋಷ ಫೈಬರಿನದ್ದಲ್ಲ, ಬ್ರಿಜ್‌ನದ್ದೇ.

ಚಾನೆಲ್ 6ರಿಂದ 1ಕ್ಕೆ, ಆಮೇಲೆ 11ಕ್ಕೆ ಬದಲಾಯಿಸಿದೆ. ಚಾನೆಲ್‌ನ ಅಗಲ 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿದೆ. ಕೇಬಲ್ ಹೊಸದು ಹಾಕಿದೆ. ವ್ಯತ್ಯಾಸವಾಗಲಿಲ್ಲ. ನನ್ನ ಅನುಮಾನ ಎರಡನೆಯ ರೂಟರಿನ ಮೇಲೆ. ಅದು ಹಳೆಯದು, ದೊಡ್ಡ ಮನೆಯಿಂದ ಬರುವ ಸಂಕೇತ ಅದಕ್ಕೆ ಚೆನ್ನಾಗಿ ಸಿಗುತ್ತದೆ, ಆದರೆ ಅದು ಕಳುಹಿಸುವ ಸಂಕೇತ ದಪ್ಪ ಮುರಕಲ್ಲಿನ ಗೋಡೆ ದಾಟುವಾಗ ಸೊರಗುತ್ತಿರಬಹುದೇ? ಮಳೆ ಬಂದು ತೋಟ ನೆನೆದ ದಿನ ಇನ್ನೂ ಕೆಡುತ್ತದೆ.

ತಂದೆಯವರು ಅರ್ಥ ಹೇಳಿದ ತಾಳಮದ್ದಳೆಗಳ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಊರೂರಲ್ಲಿರುವ ಬಂಧುಗಳಿಗೆ ಕಳುಹಿಸುತ್ತಿದ್ದೇನೆ. 400 ಎಂಬಿಯ ಒಂದು ಪ್ರಸಂಗಕ್ಕೆ ಅರ್ಧ ಗಂಟೆಗೂ ಹೆಚ್ಚು ಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತಿದೆ, ಕಾಯುವಂತಿಲ್ಲ.

ಹೊರಮನೆಯ ಹೊರಗೋಡೆಗೆ ದಿಕ್ಕಿನ ಆಂಟೆನಾ ಇರುವ 5 ಗಿಗಾಹರ್ಟ್ಸ್ ಉಪಕರಣ ಹಾಕಿದರೆ ಸರಿಹೋದೀತೇ, ಅಥವಾ ತೋಟದಲ್ಲಿ ಪೈಪಿನೊಳಗೆ ಕೇಬಲ್ ಎಳೆಯುವುದೇ ಒಳ್ಳೆಯದೇ? ಸಿಡಿಲಿನ ಭಯದಿಂದ ಕೇಬಲಿಗೆ ಹಿಂಜರಿಯುತ್ತಿದ್ದೇನೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.