ಐರಿಶ್ ಬ್ರಿಗೇಡಿನ ಹಳೇ ಕೋವಿ, ಆಮೇಲಿನ ಕೆನಡಾ ದಾಳಿ

ಬಂದರುಕಟ್ಟೆ (ಪ್ರಶ್ನೆ):
ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪರ ಕಾದಾಡಿದ ಐರಿಶ್ ಬ್ರಿಗೇಡ್ ಬಗ್ಗೆ ಎರಡು ಅನುಮಾನ. 1862ರ ಹೊತ್ತಿಗೆ ಒಳ್ಳೆಯ ರೈಫಲ್ (ನಳಿಕೆಯೊಳಗೆ ಸುರುಳಿ ಗೀರು ಇರುವ, ದೂರಕ್ಕೂ ಗುರಿ ಸಿಗುವ ಕೋವಿ) ಸಿಗುತ್ತಿದ್ದರೂ ಇವರ ಕೈಯಲ್ಲಿ 1842ರ ಮಾದರಿಯ ನುಣುಪು ನಳಿಕೆಯ ಕೋವಿಯೇ ಯಾಕಿತ್ತು? ಮತ್ತೆ, ಇವರು ಸೈನ್ಯ ಸೇರಿದ್ದೇ ಮುಂದೆ ಐರ್ಲೆಂಡಿಗಾಗಿ ಇಂಗ್ಲೆಂಡಿನ ಜೊತೆ ಯುದ್ಧ ಮಾಡುವ ತಯಾರಿಗೆ ಅನ್ನುತ್ತಾರಲ್ಲ, ನಿಜವೇ?

ಹಳೇಕೋವಿ:
ಬ್ರಿಗೇಡ್ ನಾಯಕ ಥಾಮಸ್ ಫ್ರಾನ್ಸಿಸ್ ಮಾಹರ್ ಬೇಕೆಂದೇ ಇಟ್ಟುಕೊಂಡ ಕೋವಿ ಅದು. ಹತ್ತಿರಕ್ಕೆ ನುಗ್ಗಿ ಹೊಡೆದು, ಬಯೊನೆಟ್ ಹಿಡಿದು ಮೇಲೆ ಬೀಳುವುದು ಅವನ ಲೆಕ್ಕ. ಕಾಗದದ ತೋಟಾದಲ್ಲಿ 0.65 ಇಂಚಿನ ಒಂದು ಗುಂಡು, ಮೇಲೆ ಮೂರು ಚರೆ (ಸಣ್ಣ ಗುಂಡು), ಹಿಂದೆ ಸುಮಾರು 110 ಗ್ರೇನ್ (7 ಗ್ರಾಂ) ಕರಿಮದ್ದು. ಹಲ್ಲಿನಿಂದ ತೋಟಾದ ಬಾಲ ಕಿತ್ತು ಮದ್ದು ಸುರಿಯಬೇಕು, ಗುಂಡು-ಚರೆಯನ್ನು ಕಾಗದದ ಸಮೇತ ಇಳಿಸಿ ಸಲಾಕೆಯಿಂದ ಜಡಿಯಬೇಕು, ಸಲಾಕೆ ವಾಪಸ್ ಸಿಕ್ಕಿಸಿ ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿಗೆ) ಇಡಬೇಕು. ಪಳಗಿದವನಿಗೆ ನಿಮಿಷಕ್ಕೆ ಮೂರು ಗುಂಡು. ನಳಿಕೆ 0.69 ಇಂಚು, ಗುಂಡು ಸಡಿಲ. ಹಾಗಾಗಿ ನಳಿಕೆಯಲ್ಲಿ ಮಸಿ ಕಟ್ಟಿದರೂ ಸಲೀಸಾಗಿ ಇಳಿಯುತ್ತದೆ. ಗದ್ದಲದಲ್ಲಿ ಕೇಪು ಇಡುವುದು ಮರೆತು ಒಂದರ ಮೇಲೊಂದು ತೋಟಾ ಜಡಿಯುವುದು, ಸಲಾಕೆಯನ್ನೇ ಹಾರಿಸಿಬಿಡುವುದು ಆಗಿನ ಮಾಮೂಲಿ ಎಡವಟ್ಟು.

ಅದೇ ಸಡಿಲದಿಂದ ನೂರು ಗಜ ದಾಟಿದರೆ ಗುರಿ ಅನ್ನುವುದೇ ಇಲ್ಲ. ಆಂಟೀಟಮ್‌ನಲ್ಲಿ (17 ಸೆಪ್ಟೆಂಬರ್ 1862) ತಗ್ಗುದಾರಿಯ ಮುಂದೆ ಹತ್ತಿರದಿಂದ ಹೊಡೆದಾಗ ಕೋವಿ ಕೆಲಸ ಮಾಡಿತು, ಬ್ರಿಗೇಡಿಗೆ ಸುಮಾರು 540 ಮಂದಿಯ ನಷ್ಟವೂ ಆಯಿತು. ಡಿಸೆಂಬರ್ 13ರಂದು ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಎದುರಿಗಿದ್ದದ್ದು ಬಯಲು, ಅದರಾಚೆ ಕಲ್ಲುಗೋಡೆ. ಹೊಡೆತಕ್ಕೆ ಸಿಗುವಷ್ಟು ಹತ್ತಿರ ಹೋಗುವ ಮುಂಚೆಯೇ ಸಾಲುಗಳು ಕರಗಿದವು. ಹೋದ 1,200ರಲ್ಲಿ ಸುಮಾರು 545 ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಅಂಥ ಜಾಗಕ್ಕೆ ರೈಫಲ್ ಇದ್ದಿದ್ದರೂ ಗತಿ ಬಹಳ ಬೇರೆಯಾಗುತ್ತಿರಲಿಲ್ಲ ಅನ್ನಿಸುತ್ತದೆ, ಆಜ್ಞೆಯೇ ಕೆಟ್ಟದ್ದು. ನ್ಯೂಯಾರ್ಕಿನ ರೆಜಿಮೆಂಟುಗಳ ಹಸಿರು ಬಾವುಟಗಳು ಹರಿದು ಊರಿಗೆ ವಾಪಸ್ ಹೋಗಿದ್ದವು. ಅದಕ್ಕೇ ಅವತ್ತು ಟೋಪಿಗೆ ಹಸಿರೆಲೆಯ ಕಡ್ಡಿ ಸಿಕ್ಕಿಸಿಕೊಂಡು ಹೊರಟದ್ದು. ಗೋಡೆಯಾಚೆ ಇದ್ದ ದಕ್ಷಿಣದವರ 24ನೇ ಜಾರ್ಜಿಯಾ ರೆಜಿಮೆಂಟಿನ ಕರ್ನಲ್ ರಾಬರ್ಟ್ ಮೆಕ್‌ಮಿಲನ್ ಕೂಡ ಐರ್ಲೆಂಡಿನಲ್ಲೇ ಹುಟ್ಟಿದವನು.

ನಡುಮನೆ:
ಎರಡನೆಯದಕ್ಕೆ: ನಾಯಕರ ಮಟ್ಟಿಗೆ ಬಹುಪಾಲು ನಿಜ. ಮಾಹರ್ ಐರ್ಲೆಂಡಿನಲ್ಲಿ ಬ್ರಿಟಿಷರ ವಿರುದ್ಧ ಎದ್ದ 1848ರ ದಂಗೆಗಾಗಿ ಮರಣದಂಡನೆ ಕೇಳಿ, ಅದು ಗಡಿಪಾರಾಗಿ, ಟಾಸ್ಮೇನಿಯಾದಿಂದ 1852ರಲ್ಲಿ ತಪ್ಪಿಸಿಕೊಂಡು ಬಂದವನು. 69ನೇ ನ್ಯೂಯಾರ್ಕಿನ ಕರ್ನಲ್ ಮೈಕೇಲ್ ಕಾರ್ಕರನ್ 1860ರಲ್ಲಿ ಬ್ರಿಟನ್ನಿನ ಯುವರಾಜನ ಸ್ವಾಗತದ ಕವಾಯತಿಗೆ ರೆಜಿಮೆಂಟ್ ಕಳಿಸಲೊಲ್ಲೆ ಎಂದ. ಮಿಲಿಟರಿ ವಿಚಾರಣೆ ನಡೆಯುತ್ತಿದ್ದಾಗ ಯುದ್ಧ ಶುರುವಾಗಿ ಕೇಸು ಬಿದ್ದುಹೋಯಿತು. ಅವನು ಫೀನಿಯನ್ ಸಂಘದವನು; ಐರ್ಲೆಂಡನ್ನು ಬ್ರಿಟನ್ನಿನ ಆಳ್ವಿಕೆಯಿಂದ ಬಿಡಿಸಲು 1858ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಓ'ಮಹೋನಿ ಕಟ್ಟಿದ ಸಂಘ ಅದು.

ಸಾಮಾನ್ಯ ಸೈನಿಕರದ್ದು ಬೇರೆ. ಉತ್ತರದ ಸೈನ್ಯದಲ್ಲಿದ್ದ ಐರ್ಲೆಂಡ್‌ ಹುಟ್ಟಿನವರು ಸುಮಾರು 1.5 ಲಕ್ಷ. ತಿಂಗಳಿಗೆ 13 ಡಾಲರ್ ಸಂಬಳವೂ ಒಂದು ಕಾರಣವೇ. 1863ರಲ್ಲಿ ಕಡ್ಡಾಯ ಭರ್ತಿ ಬಂದು, 300 ಡಾಲರ್ ಕಟ್ಟಿದವನಿಗೆ ವಿನಾಯಿತಿ ಅಂದಾಗ ಜುಲೈನಲ್ಲಿ ನ್ಯೂಯಾರ್ಕ್ ಹೊತ್ತಿ ಉರಿಯಿತು. ಗಲಭೆಯಲ್ಲಿ ಐರಿಶರು ತುಂಬ ಇದ್ದರು, ಕಪ್ಪು ಜನರನ್ನು ಕೊಂದರು ಕೂಡ. ಅದನ್ನು ಮುಚ್ಚಿಟ್ಟು ಬರೀ ದೇಶಭಕ್ತಿ ಹೇಳಬಾರದು.

ಬಂದರುಕಟ್ಟೆ:
ಯುದ್ಧದಲ್ಲಿ ಅಷ್ಟು ಪಳಗಿದ ಫೀನಿಯನ್ನರು ಆಮೇಲೆ ಬ್ರಿಟನ್ನಿನ ಕೈಲಿದ್ದ ಕೆನಡಾದ ಮೇಲೆ ಮಾಡಿದ ದಾಳಿಯಲ್ಲಿ ಯಾಕೆ ಸೋತರು?

ನಡುಮನೆ:
ಕಾಳಗದಲ್ಲಿ ಸೋಲಲಿಲ್ಲ, ಹಿಂಬದಿಯ ಸರಬರಾಜಿನಲ್ಲಿ ಸೋತರು. 1866ರ ಜೂನ್ 1ರ ನಸುಕಿನಲ್ಲಿ ಫೀನಿಯನ್ ದಳಪತಿ ಜಾನ್ ಓ'ನೀಲ್ ಅಮೆರಿಕದ ಬಫಲೋ ಕಡೆಯಿಂದ ದೋಣಿಗಳಲ್ಲಿ ನಯಾಗರಾ ನದಿ ದಾಟಿ ಕೆನಡಾದ ಫೋರ್ಟ್ ಈರಿಗೆ ಇಳಿದ. ಮರುದಿನ ರಿಜ್‌ವೇಯಲ್ಲಿ ಕೆನಡಾದವರಿಗೆ 'ಕುದುರೆಪಡೆ ಬಂತು' ಎಂಬ ಸುಳ್ಳು ಸುದ್ದಿ ಹೋಗಿ, ಚೌಕ (ನಾಲ್ಕೂ ಕಡೆಗೆ ಮುಖಮಾಡಿ ಒತ್ತಾಗಿ ನಿಲ್ಲುವ ಸಾಲು) ಕಟ್ಟಲು ಆಜ್ಞೆಯಾಯಿತು. ಚೌಕ ಕುದುರೆಗೆ ತಡೆ, ಗುಂಡಿಗೆ ಸುಲಭದ ಗುರಿ. ಅದನ್ನು ಬಿಚ್ಚುವಷ್ಟರಲ್ಲಿ ಗೊಂದಲವಾಗಿ ಓಡಿದರು.

ಆದರೆ ಅಮೆರಿಕದ ಮಿಷಿಗನ್ ಎಂಬ ಯುದ್ಧನೌಕೆ ನದಿಯಲ್ಲಿ ನಿಂತು ಹಿಂದಿನಿಂದ ಜನ, ಮದ್ದು ಬರದಂತೆ ಮಾಡಿತು. ಗಡಿಯುದ್ದಕ್ಕೂ ಆಯುಧ ಮುಟ್ಟುಗೋಲು. ಓ'ನೀಲ್ ರಾತ್ರಿ ವಾಪಸ್ ದಾಟುವಾಗ ಸಿಕ್ಕಿಬಿದ್ದ. ಇನ್ನೊಂದು, ಸಂಘವೇ ಆಗ ಎರಡು ಹೋಳು: ಓ'ಮಹೋನಿಯವರಿಗೆ ದಂಗೆ ಐರ್ಲೆಂಡಿನಲ್ಲೇ ಆಗಬೇಕು, ಎದುರು ಬಣದ ನಾಯಕ ರಾಬರ್ಟ್ಸ್ ಕಡೆಯವರಿಗೆ ಮೊದಲು ಕೆನಡಾ.

ಹಳೇಕೋವಿ:
ಸೇರಿಸುತ್ತೇನೆ: 1870ರ ಮೇ 25ರಂದು ಕೆನಡಾ ಗಡಿಯ ಎಕ್ಲ್ಸ್ ಹಿಲ್‌ನಲ್ಲಿ ಓ'ನೀಲ್ ಮತ್ತೆ ನುಗ್ಗಿದ. ಈ ಸಲ ಹಳೇ ಕೋವಿಗಳನ್ನು ಹಿಂದಿನಿಂದ ತೋಟಾ ತುಂಬುವಂತೆ ಬದಲಾಯಿಸಿಕೊಂಡಿದ್ದರು. ಕೆನಡಾದವರು ಮೊದಲೇ ಗುಡ್ಡ ಹಿಡಿದು ಕೂತಿದ್ದರಿಂದ ಅದರಿಂದೇನೂ ಗಿಟ್ಟಲಿಲ್ಲ. ಅಲ್ಲೇ ಓ'ನೀಲ್‌ನನ್ನು ಹಿಡಿದು ಗಾಡಿಯಲ್ಲಿ ಕೂರಿಸಿಕೊಂಡು ಹೋದದ್ದು ವರ್ಮಾಂಟಿನ ಅಮೆರಿಕನ್ ಮಾರ್ಷಲ್ (ಕಾನೂನು ಜಾರಿಯ ಸರ್ಕಾರಿ ಅಧಿಕಾರಿ) ಜಾರ್ಜ್ ಫಾಸ್ಟರ್. ಅಂತರ್ಯುದ್ಧದಲ್ಲಿ ಇಬ್ಬರೂ ಉತ್ತರದ ಅಧಿಕಾರಿಗಳೇ.